ತೂಬಿನ ಕಲ್ಲಿನ ಮೇಲಿನ ಮೆಟ್ಟು

ಪ್ರೀತಿಯ ಹುಡುಗಿ,

ನೀನು ಮುಖ್ಯವಾಗಿ ಕೇಳಿದ್ದು ಎರಡು ಪ್ರಶ್ನೆ. ಟೆಲಿಗ್ರಾಂನಲ್ಲಿ ಗೆಳೆಯರೆಲ್ಲ ಸೇರಿ ಬರೆಯುತ್ತಿರುವ ಆಟವನ್ನು ಇಲ್ಲಿಗೇ ನಿಲ್ಲಿಸಲಾ? ಈವರೆಗೆ ಬರೆದದ್ದನ್ನು ಕಾದಂಬರಿ ಮಾಡಿ ಅಚ್ಚು ಹಾಕಿಸಲಾ? ಎರಡಕ್ಕೂ ಬೇಡ ಅಂತಲೇ ನನ್ನ ಉತ್ತರ. ಕಾರಣ ಹೇಳದಿದ್ದರೆ ನೀನು ಬಿಡುವವಳಲ್ಲ ಅಂತ ನಿನ್ನ ಕಾಗದ ಓದಿದರೇ ಗೊತ್ತಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕರೆಂಟ್ ಇಲ್ಲ, ಈ ಮಳೆಯಲ್ಲಿ ಬೇರೆ ಕೆಲಸವೂ ಇಲ್ಲ.

ಮೊದಲು ಸಣ್ಣಪುಟ್ಟದ್ದು ಮುಗಿಸಿಬಿಡೋಣ. ಇಪ್ಪತ್ತು ಮುಖದ ದಾಳ ಬೇಕಾ, ಆರು ಮುಖದ್ದು ಸಾಕಾ, ಗುಂಪಿನಲ್ಲಿ ಎಷ್ಟು ಜನ ಇರಬೇಕು, ಡಿಸ್ಕಾರ್ಡ್‌ಗೆ ಹೋದರೆ ಅನುಕೂಲವಾ ಅಂತೆಲ್ಲ ಕೇಳಿದ್ದೀಯ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ನಿಮ್ಮ ವಯಸ್ಸಿನವರೇ ಕೂತು ತೀರ್ಮಾನ ಮಾಡಿಕೊಳ್ಳಿ. ಒಂದು ಮಾತ್ರ ಹೇಳುತ್ತೇನೆ. ನಿನ್ನ ಸೈನಿಕರು ರೊಟ್ಟಿ ಜೊತೆ ಹಸಿಮೆಣಸಿನಕಾಯಿ ಕಡಿಯುತ್ತಾರೆ. ನಿಮ್ಮ ಕತೆ ನಡೆಯುವುದು 1310ರಲ್ಲಿ, ಹೊಯ್ಸಳರ ರಾಜಧಾನಿ ದೋರಸಮುದ್ರದಲ್ಲಿ. ಅಲ್ಲಿಗೆ ಮೆಣಸಿನಕಾಯಿ ಎಲ್ಲಿಂದ ಬರಬೇಕು? ಅದು ಪೋರ್ಚುಗೀಸರ ಹಡಗು ಹತ್ತಿ ಆಮೇಲೆ ಬಂದದ್ದು. ಕಾಳುಮೆಣಸು ಕೊಡು, ಸಾಕು.

ಈ ಆಟ ನನಗೆ ಅರ್ಥ ಆಗಲಿಕ್ಕಿಲ್ಲ ಅಂತ ಸಂಕೋಚಪಟ್ಟು ಎರಡು ಪುಟ ವಿವರಣೆ ಬೇರೆ ಬರೆದಿದ್ದೀಯ. ಒಬ್ಬರು ಆಟ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ವಹಿಸಿಕೊಳ್ಳುತ್ತಾರೆ. ತಮ್ಮ ಪಾತ್ರ ಏನು ಮಾಡಿತು, ಏನು ಹೇಳಿತು ಅಂತ ಟೈಪ್ ಮಾಡುತ್ತಾರೆ. ಆಗುತ್ತದೋ ಇಲ್ಲವೋ ಅನ್ನುವ ಕಡೆ ದಾಳ ಎಸೆಯುತ್ತಾರೆ. ಇಷ್ಟೇ ಅಲ್ವಾ? ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದರು. ಅದು ಮೇಜಿನ ಸುತ್ತ ಕೂತು ಆಡುವುದು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಅನ್ನುವ ಹುಡುಗರು ‘ಮಡ್’ ಅಂತ ಒಂದು ಮಾಡಿದರು. ಹಲವರು ಒಟ್ಟಿಗೆ ಕಂಪ್ಯೂಟರಿನ ಒಳಗೆ ಹೋಗಿ, ಬರೀ ಅಕ್ಷರದಲ್ಲೇ ಓಡಾಡುವ ಲೋಕ ಅದು. ನಿಮ್ಮ ಆಟಕ್ಕೆ ಇವೆರಡೂ ಹಿರಿಯರು.

ಆದರೆ ನಿಮಗೆ ಇನ್ನೂ ಹತ್ತಿರದ ಹಿರಿಯರು ಇಲ್ಲೇ ಇದ್ದಾರೆ. ಆ ಹುಡುಗರು ಎಸೆಕ್ಸ್‌ನಲ್ಲಿ ಟೈಪ್ ಮಾಡುತ್ತಿದ್ದ ಹೊತ್ತಿನಲ್ಲೇ ಕೊಪ್ಪ, ಶೃಂಗೇರಿ ಕಡೆ ಮಳೆಗಾಲದ ರಾತ್ರಿ ಯಾರದೋ ಮನೆಯ ಜಗಲಿಯಲ್ಲಿ ತಾಳಮದ್ದಲೆ ನಡೆಯುತ್ತಿತ್ತು. ಬಣ್ಣ ಇಲ್ಲ, ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟುಕೊಂಡು ಎದುರುಬದುರು ಕೂರುವುದು. ಭಾಗವತರು ಪದ್ಯ ಹೇಳುತ್ತಾರೆ, ಅದು ಮೊದಲೇ ಬರೆದಿಟ್ಟದ್ದು. ಆ ಪದ್ಯದ ಮೇಲೆ ಅರ್ಥಧಾರಿ ಆಡುವ ಮಾತು ಮಾತ್ರ ಅಲ್ಲೇ ಹುಟ್ಟಬೇಕು. ಎದುರಿನವನು ಏನು ಅಂದನೋ ಅದರ ಮೇಲೆ ನಮ್ಮ ಮಾತು. ನಿನ್ನ ಗುಂಪಿನಲ್ಲಿ ಭಾಗವತಿಕೆ ನಿನ್ನದು. ಇದನ್ನು ಒಪ್ಪಿಕೊಂಡರೆ ಮುಂದಿನದ್ದು ಓದು, ಇಲ್ಲದಿದ್ದರೆ ಇಲ್ಲಿಗೇ ಮಡಚಿಡು.

ಈಗ ಅಸಲು ವಿಷಯ. ನೀವೆಲ್ಲ ಆಟದಲ್ಲಿ ಬರೆದದ್ದನ್ನು ನೀನು ಕಳಿಸಿದ್ದೀಯಲ್ಲ, ಆ ಕಟ್ಟಿನಲ್ಲಿ ಕೆರೆ ಕಾಯುವವಳ ಪಾತ್ರ ಮಾಡಿದ ಹುಡುಗಿ ಒಂದು ಕಡೆ ಹೀಗೆ ಬರೆದಿದ್ದಾಳೆ: ‘ತೂಬಿನ ಕಲ್ಲಿನ ಮೇಲೆ ಯಾರೋ ಒಂದು ಜೊತೆ ಮೆಟ್ಟು ಬಿಟ್ಟು ಹೋಗಿದ್ದಾರೆ. ಹೆಂಗಸರದ್ದು. ಒಂದರ ಬಾರು ಕಿತ್ತಿದೆ.’ ಅಷ್ಟೇ ಬರೆದು ನಿಲ್ಲಿಸಿದ್ದಾಳೆ. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಇಡೀ ಕಟ್ಟಿನಲ್ಲಿ ಇದಕ್ಕಿಂತ ಒಳ್ಳೆಯ ಸಾಲು ಇಲ್ಲ. ಯಾರ ಮೆಟ್ಟು? ಅವಳು ಕೆರೆಗೆ ಇಳಿದಳಾ, ಓಡಿ ಹೋದಳಾ, ಯಾರಾದರೂ ಎಳೆದುಕೊಂಡು ಹೋದರಾ? ಊರಿನ ಮೇಲೆ ದಂಡು ಬರುತ್ತಿರುವ ಹೊತ್ತಿನಲ್ಲಿ ಅಲ್ಲಿ ಅವಳಿಗೆ ಏನು ಕೆಲಸ?

ಅದರ ಕೆಳಗೆ ಏನಿದೆ ನೋಡು. ದಂಡನಾಯಕನ ಮಗ ಕುದುರೆ ಹತ್ತಿ ತನ್ನ ಪರಾಕ್ರಮ ಹೇಳಿಕೊಂಡಿದ್ದಾನೆ. ಶಿಲ್ಪಿ ತನ್ನ ತಂದೆಯ ನೆನಪು ಮಾಡಿಕೊಂಡಿದ್ದಾನೆ. ಆಮೇಲೆ ನೀನು ಬಂದು ರಾತ್ರಿಯಾಯಿತು ಅಂದಿದ್ದೀಯ. ಮೆಟ್ಟನ್ನು ಯಾರೂ ಮುಟ್ಟಲಿಲ್ಲ. ಆ ಹುಡುಗಿ ಇನ್ನೂ ಎರಡು ಸಲ ಸಣ್ಣದಾಗಿ ಅದನ್ನೇ ತೆಗೆದಿದ್ದಾಳೆ. ಆಗಲೂ ಯಾರೂ ತಿರುಗಿ ನೋಡಲಿಲ್ಲ. ಅಲ್ಲಿಂದ ಮುಂದೆ ಅವಳು ಬರೆದದ್ದೆಲ್ಲ ‘ಹೂಂ, ನಾನೂ ಬರುತ್ತೇನೆ’ ಅನ್ನುವಂಥದ್ದು. ‘ಅವಳಿಗೆ ಆಸಕ್ತಿ ಹೋಯಿತು ಸರ್’ ಅಂತ ನೀನು ಬರೆದಿದ್ದೀಯ. ಅವಳ ಆಸಕ್ತಿ ಯಾಕೆ ಹೋಗುತ್ತದೆ ಮಾರಾಯ್ತಿ, ನೀವೆಲ್ಲ ಸೇರಿ ಕಳೆದಿರಿ.

ಎದುರಿನವರು ಇಟ್ಟದ್ದನ್ನು ಎತ್ತಿಕೊಳ್ಳುವುದು ಅನ್ನುವ ಒಂದೇ ವಿಷಯ ನನ್ನ ತಲೆ ತಿನ್ನುತ್ತದೆ. ನನ್ನ ಜೊತೆಯವರೆಲ್ಲ ಈ ರಾಗ ಕೇಳಿ ಕೇಳಿ ಬೇಜಾರಾಗಿದ್ದಾರೆ, ಈಗ ನಿನ್ನ ಸರದಿ.

‘ಕೃಷ್ಣ ಸಂಧಾನ’ ಪ್ರಸಂಗ ನಿನಗೆ ಗೊತ್ತಿರಬೇಕು. ಹಸ್ತಿನಾವತಿಗೆ ಬಂದ ಕೃಷ್ಣ ದೊಡ್ಡವರ ಮನೆಗಳನ್ನೆಲ್ಲ ಬಿಟ್ಟು ವಿದುರನ ಮನೆಯಲ್ಲಿ ಹಾಲು ಕುಡಿದು ಬರುತ್ತಾನೆ. ಕೌರವನಿಗೆ ಅದೇ ಸಿಟ್ಟು. ಒಂದು ರಾತ್ರಿ ನಮ್ಮ ಕಡೆಯ ಒಂದು ಕೂಟದಲ್ಲಿ ಕೃಷ್ಣನ ಅರ್ಥ ಹೇಳುತ್ತಿದ್ದವರು ವಿದುರನ ಬಡತನ ಹೇಳುತ್ತಾ ‘ಆ ಹಾಲಿಗೆ ಬೆಲ್ಲವೂ ಇರಲಿಲ್ಲ, ಆದರೂ ಸಿಹಿ ಇತ್ತು’ ಅಂದರು. ಮಾತಿನ ಭರದಲ್ಲಿ ಬಂದದ್ದು, ಅವರೇ ಅದನ್ನು ಮರೆತು ಮುಂದೆ ಹೋದರು. ಕೌರವನ ಅರ್ಥಕ್ಕೆ ಕೂತವರು ಊರಿನಲ್ಲಿ ಅಂಗಡಿ ಇಟ್ಟವರು. ಹೆಸರಾಂತ ಅರ್ಥಧಾರಿ ಏನಲ್ಲ. ತಮ್ಮ ಸರದಿ ಬರುವವರೆಗೆ ಸುಮ್ನೆ ಕೂತಿದ್ದರು. ಆಮೇಲೆ ಹೇಳಿದರು: ‘ಬೆಲ್ಲ ಇಲ್ಲದ ಹಾಲು ಸಿಹಿಯಾಯಿತು ಅಂದೆ. ಸರಿ. ನೆಲ ಇಲ್ಲದ ಪಾಂಡವರೂ ರಾಜರೇ ಅಂತ ನೀನು ಹೇಳುವುದಾದರೆ ಇನ್ನು ನನ್ನ ಹತ್ತಿರ ಐದು ಊರು ಯಾಕೆ ಕೇಳುತ್ತೀ?’ ಜಗಲಿಯಲ್ಲಿ ಕೂತವರೆಲ್ಲ ಹೋ ಅಂದರು. ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವರು ಕೃಷ್ಣನ ಪಾತ್ರದವರೇ. ಅವರ ಕೈಜಾರಿದ ಬೆಲ್ಲ ಎದುರಿನವರ ಕೈಯಲ್ಲಿ ಬಾಣವಾಗಿ ತಿರುಗಿ ಬಂದಿತ್ತು. ಅಲ್ಲಿಂದ ಬೆಳಗಿನ ಜಾವದವರೆಗೆ ಇಬ್ಬರೂ ಅದೇ ಹಾಲು, ಅದೇ ಬೆಲ್ಲ ಹಿಡಿದುಕೊಂಡು ಆಡಿದರು.

ಅಂಗಡಿಯವರಿಗೆ ಪುರಾಣ ಅಷ್ಟೊಂದು ಗೊತ್ತಿರಲಿಲ್ಲ. ಕೇಳಿಸಿಕೊಳ್ಳುವುದು ಗೊತ್ತಿತ್ತು.

ಈಗ ನಿನ್ನ ದಂಡನಾಯಕನ ಮಗನ ವಿಷಯಕ್ಕೆ ಬರುತ್ತೇನೆ. ಅವನ ಬರಹ ಹೀಗಿರುತ್ತದೆ: ‘ನಾನು ಕತ್ತಿ ಬೀಸಿದೆ. ಅವನ ತಲೆ ಉರುಳಿತು. ಉಳಿದವರು ಹೆದರಿ ಓಡಿದರು.’ ಮೂರು ವಾಕ್ಯದಲ್ಲಿ ಮೊದಲನೆಯದು ಮಾತ್ರ ಅವನದ್ದು. ಕತ್ತಿ ಬೀಸುವುದು ಅವನ ಹಕ್ಕು. ತಲೆ ಉಳಿಯಿತೋ ಉರುಳಿತೋ ಅಂತ ಹೇಳಬೇಕಾದವರು ಆ ತಲೆಯ ಪಾತ್ರ ಮಾಡುವವರು, ಇಲ್ಲವೇ ದಾಳ, ಇಲ್ಲವೇ ನೀನು. ನಿಮ್ಮಲ್ಲಿ ಇದಕ್ಕೆ ಗಾಡ್‌ಮಾಡಿಂಗ್ ಅಂತಾರಂತೆ. ಅವನಿಗೆ ಬೈಯಬೇಡ. ‘ಬೀಸಿದೆ’ ಅನ್ನುವಲ್ಲಿಗೆ ನಿಲ್ಲಿಸಪ್ಪಾ ಅಂತ ಹೇಳು. ಅಲ್ಲಿ ನಿಲ್ಲಿಸಿದರೆ ಉಳಿದವರೆಲ್ಲ ಫೋನು ಕೈಯಲ್ಲಿ ಹಿಡಿದು ಕಾಯುತ್ತಾರೆ. ತಾನೇ ಮುಗಿಸಿದರೆ ಯಾರು ಕಾಯುತ್ತಾರೆ?

ಇದರಲ್ಲಿ ನನಗೆ ಹಳೆಯ ಸಿಟ್ಟೊಂದಿದೆ. ನಾನು ಹೊಸದಾಗಿ ಬರೆಯುತ್ತಿದ್ದಾಗ ಒಂದು ವಾರಪತ್ರಿಕೆಯವರು ಸರದಿ ಕಾದಂಬರಿ ಮಾಡಿಸಿದರು. ವಾರಕ್ಕೊಬ್ಬ ಲೇಖಕ, ಹಿಂದಿನವನು ಬಿಟ್ಟಲ್ಲಿಂದ ಮುಂದುವರಿಸಬೇಕು. ನನ್ನ ಕಂತಿನಲ್ಲಿ ಒಬ್ಬ ವಿಧವೆ ಗಂಡ ಮಾಡಿಟ್ಟ ಸಾಲದ ಕಾಗದ ಹಿಡಿದುಕೊಂಡು ಸಕಲೇಶಪುರದಲ್ಲಿ ರೈಲು ಇಳಿಯುತ್ತಾಳೆ. ಯಾರ ಹತ್ತಿರ ಹೋಗುತ್ತಾಳೆ ಅಂತ ನಾನು ಬೇಕಂತಲೇ ಬರೆಯಲಿಲ್ಲ. ಮುಂದಿನವನ ಕೈಗೆ ಬಾಗಿಲು ತೆರೆದು ಕೊಟ್ಟೆ. ಮುಂದಿನ ವಾರದ ಲೇಖಕರು ಆಗಲೇ ದೊಡ್ಡ ಹೆಸರು. ಅವರ ಕಂತಿನ ಮೊದಲ ವಾಕ್ಯದಲ್ಲೇ ನಾಯಕ ಬೆವರಿ ಎದ್ದು ಕೂತ. ರೈಲು, ವಿಧವೆ, ಸಾಲ ಎಲ್ಲ ಅವನ ಕನಸಂತೆ! ನನ್ನದನ್ನು ಓದಿದ್ದರೋ ಇಲ್ಲವೋ ಆ ದೇವರಿಗೇ ಗೊತ್ತು. ಅವರು ತೀರಿಕೊಂಡು ಬಹಳ ಕಾಲವಾಯಿತು. ನನ್ನ ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿದೆ. ಕೆರೆ ಕಾಯುವ ಹುಡುಗಿಯ ಪರ ನಾನು ಯಾಕೆ ಇಷ್ಟು ವಾದ ಮಾಡುತ್ತಿದ್ದೇನೆ ಅಂತ ಈಗ ಗೊತ್ತಾಯ್ತಲ್ಲ.

ಹುಡುಗನಿಗೆ ಹೇಳಿದ ಮಾತು ನಿನಗೂ ಸೇರಿದ್ದು. ಒಂದು ಕಡೆ ನೀನು ಬರೆದಿದ್ದೀಯ: ‘ದೂರದಲ್ಲಿ ನಗಾರಿಯ ಸದ್ದು ಕೇಳಿಸಿತು. ನಿಮ್ಮೆಲ್ಲರ ಎದೆ ನಡುಗಿತು. ತಾಯ್ನೆಲದ ಪ್ರೀತಿ ಉಕ್ಕಿ ಬಂತು.’ ನಗಾರಿ ನಿನ್ನದು, ಬಾರಿಸು. ಯಾರ ಎದೆ ನಡುಗಿತು ಅಂತ ನೀನು ಹೇಗೆ ಹೇಳುತ್ತೀ? ಶಿಲ್ಪಿಗೆ ಸದ್ದೇ ಕೇಳಿಸದೆ ಉಳಿ ಬಡಿಯುತ್ತಾ ಕೂತಿರಬಹುದು. ಕುದುರೆ ವ್ಯಾಪಾರಿ ‘ಸದ್ಯ, ಇನ್ನು ಕುದುರೆಗೆ ಬೆಲೆ ಬಂತು’ ಅಂತ ಒಳಗೊಳಗೇ ನಗಬಹುದು. ಭಾಗವತರು ಕೌರವನ ಸಿಟ್ಟನ್ನು ತಾವೇ ಆಡಿ ತೋರಿಸಿದರೆ ಅರ್ಥಧಾರಿ ಯಾಕೆ ಬೇಕು? ಪದ್ಯ ಕೊಟ್ಟು ಕೂರಬೇಕು. ಯಾರಾದರೂ ಎಳೆದು ಎಳೆದು ಮಾತಾಡಿ ಸಭೆಗೆ ನಿದ್ದೆ ಬರಿಸಿದರೆ ಮುಂದಿನ ಪದ್ಯ ಎತ್ತಿಕೊಳ್ಳಬೇಕು. ಅಧಿಕಾರ ಅಷ್ಟೇ ಇರುವುದು, ಅದೇನು ಸಣ್ಣದಲ್ಲ.

ಎಲ್ಲರಿಗೂ ಕೊನೆ ಗೊತ್ತಿದೆ, ಅದಕ್ಕೇ ರುಚಿ ಇಲ್ಲ ಅಂತ ನಿನ್ನ ಇನ್ನೊಂದು ಕೊರಗು. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರನ ದಂಡು ಬರುತ್ತದೆ. ಹೊಯ್ಸಳ ರಾಜ ಮೂರನೇ ಬಲ್ಲಾಳ ಪಾಂಡ್ಯ ಅಣ್ಣತಮ್ಮಂದಿರ ಜಗಳದ ಲಾಭ ಪಡೆಯಲು ದಕ್ಷಿಣಕ್ಕೆ ಹೋಗಿರುತ್ತಾನೆ. ಸುದ್ದಿ ಕೇಳಿ ವಾಪಸ್ ಓಡಿ ಬಂದರೂ ಕೊನೆಗೆ ಶರಣಾಗಿ ಕಪ್ಪ ಕೊಡುತ್ತಾನೆ. ಹೌದು, ಗೊತ್ತಿದೆ. ವಾಲಿ ಸಾಯುತ್ತಾನೆ ಅಂತ ಗೊತ್ತಿಲ್ಲದೆ ಯಾರಾದರೂ ವಾಲಿ ವಧೆ ಕೇಳಲು ಬರುತ್ತಾರಾ? ಬಾಣ ತಗುಲಿದ ಮೇಲೆ ರಾಮನಿಗೆ ಅವನು ಏನು ಕೇಳುತ್ತಾನೆ ಅಂತ ತಾನೇ ಕಿವಿ ನೆಟ್ಟಗಾಗುವುದು? ರಾಜ ಊರಲ್ಲಿಲ್ಲ, ದಂಡು ದಾರಿಯಲ್ಲಿದೆ. ಆ ನಡುವಿನ ದಿನಗಳಲ್ಲಿ ಕೆರೆ ಕಾಯುವವಳು ಏನು ಮಾಡಿದಳು ಅಂತ ಯಾವ ಶಾಸನದಲ್ಲೂ ಬರೆದಿಲ್ಲ. ನಿನಗೆ ಆಡಲು ಅಷ್ಟು ಬಯಲು ಸಾಲದಾ?

ನಿನ್ನ ಕಟ್ಟಿನಲ್ಲಿ ನನಗೆ ತುಂಬಾ ನಗು ತರಿಸಿದ್ದು ಬ್ರಾಕೆಟ್ ಒಳಗಿನ ಮಾತು. ಹೊಯ್ಸಳ ಸೇನಾನಿಯ ಪ್ರತಿಜ್ಞೆ ಮುಗಿದ ಕೂಡಲೇ ‘(ನಾಳೆ ಇಂಟರ್ನಲ್ಸ್ ಇದೆ, ರಾತ್ರಿ ಬರೀತೀನಿ)’. ಅದನ್ನು ತೆಗೆಯಬೇಡ. ಪಾತ್ರದ ಹೊರಗೆ ಬಂದು ಮಾತಾಡಲು ಒಂದು ಜಗಲಿ ಇರಬೇಕು, ನಮ್ಮಲ್ಲೂ ನಡುವೆ ಕಾಫಿಗೆ ಎದ್ದು ಹೋಗುವುದಿತ್ತು. ಆದರೆ ಜಗಲಿಯಲ್ಲಿ ಕೇಳಿದ್ದನ್ನು ಒಳಗೆ ತರಬಾರದು. ಶಿಲ್ಪಿ ತನ್ನ ಗುಟ್ಟನ್ನು ಕೆರೆ ಕಾಯುವವಳಿಗೆ ಮಾತ್ರ ಹೇಳಿದ್ದು. ಮಾರನೇ ದಿನ ದಂಡನಾಯಕನ ಮಗನಿಗೆ ಅದು ಹೇಗೆ ಗೊತ್ತಾಯಿತು? ಹುಡುಗ ಫೋನಿನಲ್ಲಿ ಓದಿದ್ದಾನೆ, ಅಷ್ಟೇ. ತಾಳಮದ್ದಲೆಯಲ್ಲಿ ಕೃಷ್ಣ ಕರ್ಣನಿಗೆ ಜನ್ಮರಹಸ್ಯ ಹೇಳುವಾಗ ಕೌರವನ ಅರ್ಥಧಾರಿ ಮೂರು ಮೊಳ ದೂರದಲ್ಲೇ ಕೂತು ಎಲೆಯಡಿಕೆ ಹಾಕುತ್ತಿರುತ್ತಾರೆ. ಕೇಳಿಸದೆ ಇರುತ್ತದಾ? ಆದರೂ ಕೌರವನಿಗೆ ಅದು ಗೊತ್ತಿಲ್ಲ. ಅಲ್ಲಿಗೆ ಬೇಕಾದ ಮರ್ಯಾದೆ ಇಲ್ಲಿಗೂ ಬೇಕು.

ಇನ್ನು ಕಾದಂಬರಿ. ಬೇಡ ಅಂದೆನಲ್ಲ. ಇದು ಆಡಿದವರಿಗೆ ರುಚಿಸುವ ಬರಹ, ಹೊರಗಿನವರಿಗೆ ಅರ್ಧ ದಾರಿಯಲ್ಲೇ ಸುಸ್ತು. ನನಗೂ ಆಯಿತು, ಸುಳ್ಳು ಯಾಕೆ. ಅದೂ ಅಲ್ಲದೆ ಮೇಲಿನ ಹಾಳೆಯಲ್ಲಿ ನಿನ್ನ ಹೆಸರೊಂದೇ ಇದೆ. ಮೆಟ್ಟಿನ ಸಾಲು ಬರೆದವಳ ಹೆಸರು ಎಲ್ಲಿ? ನಿಮ್ಮ ಹಾಸನ ಜಿಲ್ಲೆಯದ್ದೇ ನುಗ್ಗೇಹಳ್ಳಿಗೆ ಒಂದು ಭಾನುವಾರ ಹೋಗಿ ಬಾ. 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಸ್ಥಾನ ಅದು. ಗೋಡೆಯ ವಿಗ್ರಹಗಳ ಬುಡದಲ್ಲಿ ಮಲ್ಲಿತಮ್ಮನ ಹೆಸರೂ ಇದೆ, ಬೈಚೋಜನ ಹೆಸರೂ ಇದೆ. ಗುಡಿ ಒಂದೇ, ಆದರೆ ಯಾರು ಕೆತ್ತಿದ್ದರ ಕೆಳಗೆ ಅವರ ಹೆಸರು. ಗೆಳೆಯರನ್ನೂ ಕರೆದುಕೊಂಡು ಹೋಗು. ದಂಡನಾಯಕನ ಮಗನನ್ನು ಬಿಟ್ಟು ಹೋಗಬೇಡ.

ಉಳಿದದ್ದು ಕುದುರೆ ವ್ಯಾಪಾರಿ. ಜೂನ್‌ನಿಂದ ಅವನು ಒಂದು ಸಾಲೂ ಬರೆದಿಲ್ಲ, ಕೈಕೊಟ್ಟ, ಅವನ ಪಾತ್ರವನ್ನು ಸಾಯಿಸಿಬಿಡುತ್ತೇನೆ ಅಂತ ಅತ್ತುಕೊಂಡು ಬರೆದಿದ್ದೀಯ. ಅವನ ಮನೆ ಮೂಡಿಗೆರೆ ಕಡೆಯ ತೋಟದಲ್ಲಿ ಅಂತಲೂ ನೀನೇ ಬರೆದಿದ್ದೀಯ. ಅಲ್ಲಮ್ಮಾ, ಈ ಮಳೆಯಲ್ಲಿ ಅಲ್ಲಿ ಕರೆಂಟ್ ಇರುತ್ತದಾ, ಟವರ್ ಕೆಲಸ ಮಾಡುತ್ತದಾ? ಎರಡು ಗೆರೆ ಕಳಿಸಬೇಕಾದರೆ ಕೊಡೆ ಹಿಡಿದು ಗುಡ್ಡ ಹತ್ತಬೇಕು. ಜಿಗಣೆ ಬೇರೆ. ಅವನನ್ನು ಸಾಯಿಸಬೇಡ, ಘಟ್ಟ ಇಳಿಸಿ ಕಳಿಸು. ಹೊಯ್ಸಳರಿಗೆ ಅರಬ್ಬಿ ಕುದುರೆ ಬರುತ್ತಿದ್ದುದು ಪಡುವಣ ಕರಾವಳಿಯ ಬಂದರುಗಳಿಂದ. ಮಳೆಗಾಲದಲ್ಲಿ ಹಡಗು ಬರುವುದಿಲ್ಲ, ಘಟ್ಟದ ದಾರಿಯಲ್ಲಿ ಕುದುರೆ ಹತ್ತಿಸಲೂ ಆಗುವುದಿಲ್ಲ. ಹಾಗಾಗಿ ಅವನು ಅಲ್ಲೇ ಯಾರದೋ ಮನೆಯಲ್ಲಿ ಉಳಿದಿದ್ದಾನೆ ಅಂತ ನೀನು ಒಂದು ಸಾಲು ಬರೆದರೆ ಸಾಕು. ಯಾಕೆ ತಡವಾಯಿತು, ಎಷ್ಟು ಕುದುರೆ ತಂದ, ಕೆಳಗೆ ಏನು ಸುದ್ದಿ ಕೇಳಿದ ಅಂತ ಅವನೇ ಬಂದು ಹೇಳಲಿ. ಅದನ್ನು ನೀನು ಬರೆಯಬೇಡ.

ಆಶೀರ್ವಾದಗಳೊಂದಿಗೆ,
ಕೊಪ್ಪದಿಂದ ನಿನ್ನ ಅಜ್ಜನ ವಯಸ್ಸಿನವನು