ಭಾನುವಾರದ ಚರ್ಚೆ: ಬೊಮ್ಮಾಯಿ ಮನೆತನ

ಆತ್ಮೀಯ ಸದಸ್ಯರೇ,

ಈ ಭಾನುವಾರದ ಚರ್ಚೆಗೆ ಬೊಮ್ಮಾಯಿ ಮನೆತನದ ಮೂರು ತಲೆಮಾರನ್ನು ಆರಿಸಿಕೊಂಡಿದ್ದೇವೆ.

ಎಸ್.ಆರ್. ಬೊಮ್ಮಾಯಿ 1988ರಲ್ಲಿ ಮುಖ್ಯಮಂತ್ರಿಯಾದರು. ಮರುವರ್ಷ ಏಪ್ರಿಲ್‌ನಲ್ಲಿ, ಸದನದಲ್ಲಿ ಬಹುಮತ ಸಾಬೀತುಪಡಿಸಲು ಅವಕಾಶವನ್ನೇ ಕೊಡದೆ ಅವರ ಸರ್ಕಾರವನ್ನು ವಜಾ ಮಾಡಲಾಯಿತು. ಅವರು ಕೈಕಟ್ಟಿ ಕೂರಲಿಲ್ಲ, ನ್ಯಾಯಾಲಯದ ಮೆಟ್ಟಿಲೇರಿದರು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ಸದನದಲ್ಲಿಯೇ ನಡೆಯಬೇಕೆಂದು ಸಾರಿತು. ಯಾವ ರಾಜ್ಯದ ಸರ್ಕಾರ ಅಲುಗಾಡಿದರೂ ಇಂದಿಗೂ ಮೊದಲು ಕೇಳಿಬರುವುದು ಈ ತೀರ್ಪಿನ ಹೆಸರೇ. ನನ್ನ ಮಟ್ಟಿಗೆ, ಆ ಮನೆತನ ನಾಡಿಗೆ ಕೊಟ್ಟ ಅತಿ ದೊಡ್ಡ ಕೊಡುಗೆ ಇದು.

ಮಗ ಬಸವರಾಜ ಬೊಮ್ಮಾಯಿ 2021ರಲ್ಲಿ ಮುಖ್ಯಮಂತ್ರಿಯಾದರು. ಮೊಮ್ಮಗ ಭರತ್ 2024ರ ಶಿಗ್ಗಾವಿ ಉಪಚುನಾವಣೆಯಲ್ಲಿ ಸೋತರು.

ತೀರ್ಪಿನ ಸಾರಾಂಶವನ್ನು ದಯವಿಟ್ಟು ಓದಿಕೊಂಡು ಬನ್ನಿ. ಪಕ್ಷಗಳ ಜಗಳ ಇಲ್ಲಿ ಬೇಡ.