ಹಳೆಯ ಮಿಯಾಟಾ: ಬಿಡಿಭಾಗ ಕೊಳ್ಳುವ ಮೊದಲು ತೊಂದರೆ ಎಲ್ಲಿದೆ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ವಾಹನ ಪುಟದಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಬಂದ ಬರಹದಲ್ಲಿ ಎರಡು ಸಲಹೆಗಳಿದ್ದವು. ಎಂಜಿನ್ ಮುಗ್ಗರಿಸಿದರೆ ಮೊದಲು ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಭಾಗ), ಆಮೇಲೆ ಸೆನ್ಸರ್‌ಗಳನ್ನು ಒಂದೊಂದಾಗಿ ಬದಲಿಸಿ ಎಂಬುದು ಒಂದು. ಎಂಜಿನ್ನಿನ ಹಿಂಭಾಗದಿಂದ ಆಯಿಲ್ ತೊಟ್ಟಿಕ್ಕಿದರೆ ಗೇರ್‌ಬಾಕ್ಸ್ ಇಳಿಸಿ ಕ್ರ್ಯಾಂಕ್ ಸೀಲ್ (ಎಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕಿನ ಹಿಂತುದಿಯಲ್ಲಿ ಆಯಿಲ್ ತಡೆಯುವ ಉಂಗುರ) ಹಾಕಿಸಿ ಎಂಬುದು ಇನ್ನೊಂದು. ಎರಡೂ ಓದುಗರ ಜೇಬಿಗೆ ಕತ್ತರಿ ಹಾಕುವ ಮಾತುಗಳು. ಅದರಲ್ಲೂ 1989ರಿಂದ 1997ರವರೆಗೆ ತಯಾರಾದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5, ಅಂದರೆ ಮಿಯಾಟಾ ಕಾರಿಗೆ ಅವು ಹೊಂದುವುದೇ ಇಲ್ಲ. ಈ ಕಾರು ಭಾರತದಲ್ಲಿ ಮಾರಾಟಕ್ಕೆ ಬರಲಿಲ್ಲ, ನಿಜ. ಆದರೆ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿರುವ ಕನ್ನಡಿಗರೂ ನಿಮ್ಮ ಪತ್ರಿಕೆಯನ್ನು ಆನ್‌ಲೈನ್‌ನಲ್ಲಿ ಓದುತ್ತಾರೆ, ಮನೆಯ ಗ್ಯಾರೇಜಿನಲ್ಲಿ ರಿಪೇರಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಹಳೆಯ ಕಾರು ಸಿಗುವುದು ಕಷ್ಟ.

ಮೊದಲು ಮುಗ್ಗರಿಕೆಯ ವಿಚಾರ. ಮಿಯಾಟಾದಲ್ಲಿ ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲ. ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡಿರುವ ಕಾಯಿಲ್ ಪ್ಯಾಕ್‌ನಲ್ಲಿ ಎರಡು ಕಾಯಿಲ್‌ಗಳಿವೆ. ಒಂದು 1 ಮತ್ತು 4ನೇ ಸಿಲಿಂಡರಿಗೆ, ಇನ್ನೊಂದು 2 ಮತ್ತು 3ನೆಯದಕ್ಕೆ ಜೊತೆಯಾಗಿ ಕಿಡಿ ಕೊಡುತ್ತದೆ. ಎಂಜಿನ್ ಐಡಲ್‌ನಲ್ಲಿರುವಾಗ (ಆಕ್ಸಿಲರೇಟರ್ ಒತ್ತದೆ ಓಡುತ್ತಿರುವಾಗ) ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಕನೆಕ್ಟರ್‌ಗಳನ್ನು ಒಂದೊಂದಾಗಿ ಕಳಚಿ ಮತ್ತೆ ಹಾಕಿ. ಯಾವುದನ್ನು ಕಳಚಿದಾಗ ಎಂಜಿನ್ ವೇಗ ಇಳಿಯುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. 1 ಮತ್ತು 4 ಎರಡೂ ಸತ್ತಿದ್ದರೆ, ಅಥವಾ 2 ಮತ್ತು 3 ಸತ್ತಿದ್ದರೆ, ಆಗ ಕಾಯಿಲ್ ಮೇಲೆ ಅನುಮಾನ ಪಡಿ. ಒಂದೇ ಸತ್ತಿದ್ದರೆ ಮೊದಲು ಪ್ಲಗ್, ಪ್ಲಗ್ ವೈರ್ ಅಥವಾ ಇಂಜೆಕ್ಟರ್ ನೋಡಿ, ಕಾಯಿಲ್ ಆಗಿರುವುದು ಕಡಿಮೆ. ಪ್ಲಗ್‌ಗಳನ್ನು ಅದಲುಬದಲು ಮಾಡಿ ನೋಡಿ, ತೊಂದರೆ ಪ್ಲಗ್ಗಿನ ಜೊತೆಗೇ ಹೋದರೆ ಅಲ್ಲಿಗೆ ತನಿಖೆ ಮುಗಿಯಿತು. ಪ್ಲಗ್ ಗ್ಯಾಪ್ 1.1 ಮಿ.ಮೀ. ಇರಬೇಕು.

ಐಡಲ್‌ನಲ್ಲಿ ಸರಿಯಿದ್ದು, 3000 ಆರ್‌ಪಿಎಂ ಆಸುಪಾಸಿನಲ್ಲಿ ಏರು ಹತ್ತುವಾಗ ಮಾತ್ರ ಜಗ್ಗುತ್ತದೆಯೇ? ಇದು ಪ್ಲಗ್ ವೈರ್‌ಗಳು ಹಳತಾದಾಗಿನ ಲಕ್ಷಣ. ಲೋಡ್ ಹೆಚ್ಚಿದಾಗ ಸಿಲಿಂಡರಿನ ಒತ್ತಡ ಏರುತ್ತದೆ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಬಿರುಕುಬಿಟ್ಟ ವೈರ್‌ನಿಂದ ಅದು ಪ್ಲಗ್ಗಿನ ಬದಲು ಹತ್ತಿರದ ಲೋಹಕ್ಕೆ ಹಾರುತ್ತದೆ. ಕತ್ತಲಲ್ಲಿ ಬಾನೆಟ್ ಎತ್ತಿ, ಕೈ ದೂರವಿಟ್ಟು ವೈರ್‌ಗಳ ಮೇಲೆ ನೀರಿನ ತುಂತುರು ಹೊಡೆದರೆ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ. ವೈರ್ ಸೆಟ್ಟಿನ ಬೆಲೆ ಕಾಯಿಲ್ ಪ್ಯಾಕ್‌ಗಿಂತ ಬಹಳ ಕಡಿಮೆ.

ಇನ್ನು ಸೆನ್ಸರ್‌ಗಳು. 1995ರವರೆಗಿನ ಅಮೆರಿಕದ ಕಾರುಗಳಲ್ಲಿ ದೋಷದ ಕೋಡ್ ಓದಲು ಸ್ಕ್ಯಾನರ್ ಬೇಕಿಲ್ಲ, ಮೋಟು ತಂತಿ ಸಾಕು. ಬಾನೆಟ್ ಕೆಳಗೆ 'ಡಯಾಗ್ನೋಸಿಸ್' ಎಂದು ಬರೆದ ಪುಟ್ಟ ಪೆಟ್ಟಿಗೆಯಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಎಂಬ ಎರಡು ತೂತುಗಳನ್ನು ತಂತಿಯಿಂದ ಸೇರಿಸಿ ಇಗ್ನಿಷನ್ ಆನ್ ಮಾಡಿ. ಚೆಕ್ ಎಂಜಿನ್ ದೀಪ ಮಿಟುಕುತ್ತದೆ: ಉದ್ದ ಮಿಟುಕು ಹತ್ತರ ಸ್ಥಾನ, ಗಿಡ್ಡ ಮಿಟುಕು ಬಿಡಿ ಸ್ಥಾನ. 08 ಬಂದರೆ ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಮೀಟರ್, 09 ಕೂಲಂಟ್ ತಾಪ ಸೆನ್ಸರ್, 15 ಮತ್ತು 17 ಆಕ್ಸಿಜನ್ ಸೆನ್ಸರ್‌ಗೆ ಸಂಬಂಧಿಸಿದ್ದು. ಆದರೆ 15 ಬಂದ ಕೂಡಲೇ ಹೊಸ ಆಕ್ಸಿಜನ್ ಸೆನ್ಸರ್ ತರಿಸಬೇಡಿ. ಸೆನ್ಸರ್ ಸಾಕಷ್ಟು ವೋಲ್ಟೇಜ್ ಕೊಡುತ್ತಿಲ್ಲ ಎಂದಷ್ಟೇ ಅದು ಹೇಳುತ್ತದೆ. ಎಲ್ಲೋ ಕಳ್ಳಗಾಳಿ ಒಳನುಗ್ಗಿ ಮಿಶ್ರಣ ತೆಳುವಾದರೂ ಅದೇ ಕೋಡ್ ಬರುತ್ತದೆ.

ಆ ಕಳ್ಳಗಾಳಿಯ ದಾರಿ ಬಹುಪಾಲು ಏರ್‌ಫ್ಲೋ ಮೀಟರ್ ಮತ್ತು ಥ್ರಾಟಲ್ ನಡುವಿನ ರಬ್ಬರ್ ಕೊಳವೆ. ಅದರ ಮಡಿಕೆಗಳನ್ನು ಬೆರಳಿನಿಂದ ಬಿಡಿಸಿ ನೋಡಿದರಷ್ಟೇ ಸೀಳು ಕಾಣುತ್ತದೆ. 1.6 ಲೀಟರ್ ಎಂಜಿನ್ನಿನಲ್ಲಿ ಪೆಟ್ರೋಲ್ ಪಂಪನ್ನು ಚಾಲೂ ಇಡುವುದು ಏರ್‌ಫ್ಲೋ ಮೀಟರಿನ ರೆಕ್ಕೆಯೇ. ಹಾಗಾಗಿ ಕೊಳವೆ ಪೂರ್ತಿ ಹರಿದರೆ ಎಂಜಿನ್ ಹತ್ತಿಕೊಂಡು ಕೂಡಲೇ ಸಾಯುತ್ತದೆ. ಅದೇ ಪೆಟ್ಟಿಗೆಯಲ್ಲಿ ಎಫ್/ಪಿ ಮತ್ತು ಜಿಎನ್‌ಡಿ ಸೇರಿಸಿದಾಗ ಎಂಜಿನ್ ನಿಲ್ಲದೆ ಓಡಿದರೆ ಪಂಪ್ ಚೆನ್ನಾಗಿದೆ, ಹುಡುಕಬೇಕಾದದ್ದು ಮೀಟರ್ ಮತ್ತು ಕೊಳವೆಯಲ್ಲಿ ಎಂದರ್ಥ.

ಆಯಿಲ್ ಸೋರಿಕೆಯ ಸಲಹೆ ಇದಕ್ಕಿಂತ ದುಬಾರಿ. ಸಿಲಿಂಡರ್ ಹೆಡ್ಡಿನ (ಎಂಜಿನ್ನಿನ ಮೇಲ್ಭಾಗದ) ಹಿಂತುದಿಯಲ್ಲಿ, ಕಿಡಿಯ ಸಮಯಕ್ಕೆ ಸೂಚನೆ ಕೊಡುವ ಕ್ಯಾಮ್ ಆ್ಯಂಗಲ್ ಸೆನ್ಸರ್ ಇದೆ. ಅದರ ಸುತ್ತಲಿನ ಓ-ರಿಂಗ್ ಎಂಬ ರಬ್ಬರ್ ಉಂಗುರ ವರ್ಷಗಳ ಬಿಸಿಗೆ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುತ್ತದೆ. ಆಗ ಆಯಿಲ್ ಎಂಜಿನ್ನಿನ ಬೆನ್ನಿನ ಮೇಲಿಂದ ಜಾರಿ, ಹೀಟರ್ ಹೋಸ್‌ಗಳನ್ನು ನೆನೆಸಿ, ಕ್ಲಚ್ ಹೌಸಿಂಗ್‌ನ ತಳದಿಂದ ತೊಟ್ಟಿಕ್ಕುತ್ತದೆ. ಕೆಳಗಿನಿಂದ ನೋಡುವ ಮೆಕ್ಯಾನಿಕ್ಕಿಗೆ ಅದು ಕ್ರ್ಯಾಂಕ್ ಸೀಲ್ ಸೋರಿದಂತೆಯೇ ಕಾಣುತ್ತದೆ. ಹಿಂಭಾಗವನ್ನು ಡಿಗ್ರೀಸರ್‌ನಿಂದ ತೊಳೆದು ಒಣಗಿಸಿ, ಒಂದೆರಡು ದಿನ ಓಡಿಸಿ, ಆಮೇಲೆ ಟಾರ್ಚ್ ಮತ್ತು ಸಣ್ಣ ಕನ್ನಡಿ ಹಿಡಿದು ನೋಡಿ. ಹೆಡ್ಡಿನ ಹಿಂಭಾಗ ಒದ್ದೆಯಾಗಿದ್ದರೆ ಓ-ರಿಂಗ್ ಇಲ್ಲವೇ ವಾಲ್ವ್ ಕವರ್ ಗ್ಯಾಸ್ಕೆಟ್. ಅಲ್ಲಿ ಒಣಗಿದ್ದು ಕೆಳಗೆ ಮಾತ್ರ ಒದ್ದೆಯಿದ್ದರೆ ಕ್ರ್ಯಾಂಕ್ ಸೀಲ್ ವಿಚಾರ ಯೋಚಿಸಬಹುದು.

ಓ-ರಿಂಗ್ ಬದಲಿಸುವುದು ಒಂದು ಬೆಳಗಿನ ಕೆಲಸ. ಸೆನ್ಸರ್ ಕೂತಿರುವ ಜಾಗಕ್ಕೆ ಬಣ್ಣದ ಗುರುತು ಹಾಕಿ, ಕನೆಕ್ಟರ್ ಕಳಚಿ, 12 ಮಿ.ಮೀ. ಬೋಲ್ಟ್ ಬಿಚ್ಚಿ, ಆಚೀಚೆ ತಿರುಗಿಸುತ್ತಾ ಹೊರಗೆಳೆಯಿರಿ. ಹೊಸ ರಿಂಗಿಗೆ ಎಂಜಿನ್ ಆಯಿಲ್ ಸವರಿ ಕೂರಿಸಿ. ಸೆನ್ಸರ್ ಅಲುಗಿದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಕ್ಷಣ, ಅಲುಗಿದಂತೆಯೇ, ಆದ್ದರಿಂದ ಪರೀಕ್ಷಿಸದೆ ಬಿಡಬೇಡಿ. ಎಂಜಿನ್ ಬಿಸಿಯಾಗಿ, ಎಸಿ ಮತ್ತು ದೀಪಗಳು ಆಫ್ ಆಗಿ, ಟಿಇಎನ್-ಜಿಎನ್‌ಡಿ ತಂತಿ ಹಾಕಿರುವಾಗ ಐಡಲ್ 850 ಆರ್‌ಪಿಎಂ, ಟೈಮಿಂಗ್ 10 ಡಿಗ್ರಿ ಇರಬೇಕು. ಇದನ್ನು ಅಳೆಯುವ ಟೈಮಿಂಗ್ ಲೈಟಿಗೆ ಡಯಲ್ ಇದ್ದರೆ ಅದನ್ನು ಸೊನ್ನೆಗಿಡಿ. ಪ್ರತಿ ಸುತ್ತಿಗೂ ಕಿಡಿ ಬೀಳುವ ಈ ವ್ಯವಸ್ಥೆಯಲ್ಲಿ ಡಯಲಿನ ಲೆಕ್ಕ ತಪ್ಪುತ್ತದೆ.

ಅದೇ ಟೈಮಿಂಗ್ ಲೈಟ್ ಇನ್ನೊಂದು ದೊಡ್ಡ ಅಪಾಯವನ್ನೂ ತೋರಿಸಬಲ್ಲದು. ಆ ಬರಹದಲ್ಲಿ ಇದರ ಸುದ್ದಿಯೇ ಇರಲಿಲ್ಲ ಎಂಬುದು ನನಗೆ ಹೆಚ್ಚು ಬೇಸರ ತಂದಿತು. 1991ರ ಮಧ್ಯದವರೆಗಿನ 1.6 ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಮೂತಿ, ಅಂದರೆ ಪುಲ್ಲಿ ಕೂರುವ ಮುಂದಿನ ತುದಿ, ಗಿಡ್ಡ. ಮುಂದಿನ ಪುಲ್ಲಿಯಲ್ಲಿ ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ಟೈಮಿಂಗ್ ಬೆಲ್ಟ್ ಬದಲಿಸುವಾಗ ಗಿಡ್ಡ ಮೂತಿಯ ಬೋಲ್ಟನ್ನು ಅಂದಾಜಿನಲ್ಲಿ ಬಿಗಿದುಬಿಟ್ಟರೆ ಅದು ಸಡಿಲವಾಗಿ, ಪುಲ್ಲಿಯನ್ನು ಹಿಡಿದಿಡುವ ಕೀಲು ತನ್ನ ತೋಡಿನಲ್ಲಿ ಅಲ್ಲಾಡಿ ಅಲ್ಲಾಡಿ ಕ್ರ್ಯಾಂಕನ್ನೇ ತಿಂದುಹಾಕುತ್ತದೆ. ಕಾರಿನ ಶಕ್ತಿ ಕುಂದುತ್ತಾ ಬಂದು, ಕ್ಯಾಮ್ ಸೆನ್ಸರನ್ನು ಅದರ ಮಿತಿಯವರೆಗೆ ತಿರುಗಿಸಿದರೂ 10 ಡಿಗ್ರಿ ಸಿಗದಿದ್ದರೆ, ಅಥವಾ ಪುಲ್ಲಿಯ ನಡುವಿನ ಬೋಲ್ಟೇ ಓಲಾಡುತ್ತಿದ್ದರೆ, ಕಾರು ನಿಲ್ಲಿಸಿ. ಬೆಲ್ಟ್ ಕೆಲಸ ಮಾಡುವವರು ಹೊಸ ಬೋಲ್ಟ್ ಹಾಕಿ, ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಬೇಕು: ಗಿಡ್ಡ ಮೂತಿಗೆ 108ರಿಂದ 118 ನ್ಯೂಟನ್ ಮೀಟರ್, ಉದ್ದ ಮೂತಿಗೆ 157ರಿಂದ 166. ಒಂದರ ಅಂಕಿ ಇನ್ನೊಂದಕ್ಕೆ ಬಳಸಬಾರದು.

ಉಳಿದವು ಸಣ್ಣವು. ಕ್ಲಚ್ ಪೆಡಲ್ ನೆಲಕ್ಕಿಳಿದು ರಿವರ್ಸ್ ಗೇರ್ ಕರಕರ ಎಂದರೆ ಕ್ಲಚ್ ಪ್ಲೇಟ್ ಕೊಳ್ಳುವ ಮೊದಲು ಗೇರ್‌ಬಾಕ್ಸ್ ಪಕ್ಕದಲ್ಲಿ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಸರಿಸಿ ನೋಡಿ. ಒಳಗೆ ಒದ್ದೆಯಿದ್ದರೆ ಕಳ್ಳ ಸಿಕ್ಕ. ಸ್ಲೇವ್ ಜೊತೆಗೆ ಪೆಡಲ್ ಬದಿಯ ಮಾಸ್ಟರ್ ಸಿಲಿಂಡರನ್ನೂ ಬದಲಿಸಿ, ಹಳೆಯದನ್ನು ಉಳಿಸಿಕೊಂಡರೆ ಕೆಲವೇ ತಿಂಗಳಲ್ಲಿ ಅದೂ ಕೈಕೊಡುತ್ತದೆ. ರೇಡಿಯೇಟರಿನ ಕಪ್ಪು ಪ್ಲಾಸ್ಟಿಕ್ ತಲೆ ಹಸಿರುಗಂದಾಗಿದ್ದರೆ ಒಡೆಯುವವರೆಗೆ ಕಾಯಬೇಡಿ. ಸೀಟಿನ ಹಿಂದೆ, ಮಡಚುವ ಮೇಲ್ಛಾವಣಿಯ ಎರಡೂ ಮೂಲೆಗಳಲ್ಲಿ ಮಳೆನೀರಿನ ತೂಬುಗಳಿವೆ. ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್ ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ಮೆತ್ತನೆಯ ನೈಲಾನ್ ಎಳೆಯಿಂದ ಬಿಡಿಸಿ, ಕಬ್ಬಿಣದ ತಂತಿ ತೂರಿದರೆ ಒಳಗಿನ ಕೊಳವೆ ಹರಿಯುತ್ತದೆ. ಕಾರಿನ ಕೆಳಗೆ ಹೋಗುವುದಿದ್ದರೆ ಮುಂದೆ ಕ್ರಾಸ್‌ಮೆಂಬರ್, ಹಿಂದೆ ಡಿಫರೆನ್ಷಿಯಲ್‌ಗೆ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಟ್ಟ ಮೇಲೆಯೇ ತಲೆ ಹಾಕಿ.

ದಯವಿಟ್ಟು ಆಯಿಲ್ ಸೋರಿಕೆಯ ಸಲಹೆಯನ್ನಾದರೂ ಮುಂದಿನ ವಾರ ತಿದ್ದಿ ಪ್ರಕಟಿಸಿ. ಅದನ್ನು ನಂಬಿ ಯಾರಾದರೂ ಗೇರ್‌ಬಾಕ್ಸ್ ಇಳಿಸಲು ಹೊರಟಿದ್ದರೆ, ಅವರು ಮೊದಲು ಹೆಡ್ಡಿನ ಹಿಂಭಾಗವನ್ನೊಮ್ಮೆ ಒರೆಸಿ ನೋಡಲಿ.

— ಒಬ್ಬ ಓದುಗ, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ