ಚಿನ್ನದ ದರದ ಪಕ್ಕ ಉಬ್ಬರದ ಹೊತ್ತೂ ಇರಲಿ

ಮಾನ್ಯ ಸಂಪಾದಕರೇ,

ಕಡಲತಡಿಯ ಸಣ್ಣ ಊರುಗಳಲ್ಲಿ ಜಾಗ ಕೊಂಡು ಮನೆ ಕಟ್ಟುವವರು ಹೆಚ್ಚುತ್ತಿದ್ದಾರೆ. ಬೆಂಗಳೂರು, ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳುವವರಿದ್ದಾರೆ. ನಿವೃತ್ತಿಯ ಮೇಲೆ ಅಲೆಯ ಸದ್ದು ಕೇಳುತ್ತ ಇರೋಣವೆಂದು ಘಟ್ಟದ ಮೇಲಿಂದ ಇಳಿದು ಬರುವವರೂ ಇದ್ದಾರೆ. ಬರಲಿ, ಊರಿಗೆ ಜನ ಬೇಕು. ಆದರೆ ಅವರ ಕಣ್ಣಿಗೆ ಬೀಳುವ ಜಾಹೀರಾತುಗಳಲ್ಲಿ ಸೂರ್ಯಾಸ್ತದ ಚಿತ್ರವಿರುತ್ತದೆ, ಉಪ್ಪಿನ ಮಾತಿರುವುದಿಲ್ಲ. ಉಡುಪಿ ಜಿಲ್ಲೆಯ ಗಂಗೊಳ್ಳಿ, ಮರವಂತೆ, ಕೋಡಿಯಂಥ ಕಡೆ ಬದುಕುವವರಿಗೆ ಬೆಳಗಾದರೆ ಎರಡು ಲೆಕ್ಕ ಬೇಕು: ಒಂದು ಉಪ್ಪಿನದು, ಇನ್ನೊಂದು ಉಬ್ಬರ ಇಳಿತದ್ದು. ಇವೆರಡನ್ನೂ ವಿವರಿಸಿ, ಕೊನೆಗೆ ನಿಮ್ಮ ಪತ್ರಿಕೆಯಿಂದ ಒಂದು ಉಪಕಾರ ಕೇಳಲು ಈ ಪತ್ರ.

ಮೊದಲು ಮನೆ. ಗಾಳಿಯಲ್ಲಿ ಬರುವ ಉಪ್ಪು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಇಳಿದು ಒಳಗಿನ ಕಬ್ಬಿಣದ ಸರಳನ್ನು ಮುಟ್ಟುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಆ ಜಾಗ ಸಿಗದಾಗ ಅದು ಕಾಂಕ್ರೀಟನ್ನೇ ಒಡೆಯುತ್ತದೆ. ಸಜ್ಜಾದ ಅಡಿಯಲ್ಲಿ ಸರಳಿನ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು, ಅದರ ಅಂಚಿನಲ್ಲಿ ಚಹಾ ಚೆಲ್ಲಿದಂಥ ಕಂದು ಕಲೆ ಕಂಡಿತೆಂದರೆ ಒಳಗೆ ಕೆಲಸ ಶುರುವಾಗಿ ವರ್ಷಗಳೇ ಆಗಿವೆ ಎಂದು ಅರ್ಥ. ಆಮೇಲೆ ಮೇಲಿಂದ ಸಿಮೆಂಟ್ ಮೆತ್ತಿ ಬಣ್ಣ ಹೊಡೆದರೆ ಎರಡು ಮಳೆಗಾಲ ದಾಟುವುದಿಲ್ಲ, ಮತ್ತೆ ಹಪ್ಪಳದಂತೆ ಎದ್ದು ಬೀಳುತ್ತದೆ. ತುಕ್ಕು ಹಿಡಿದ ಸರಳನ್ನು ಸುತ್ತಲೂ ಬಿಡಿಸಿ, ಉಜ್ಜಿ, ತೀರ ಸವೆದಿದ್ದರೆ ಪಕ್ಕದಲ್ಲಿ ಹೊಸ ಸರಳು ಕಟ್ಟಿಯೇ ದುರಸ್ತಿ ಮಾಡಬೇಕು.

ಇದಕ್ಕೆ ಮದ್ದು ಕಟ್ಟುವಾಗಲೇ ಆಗಬೇಕು. ಕಡಲಗಾಳಿಗೆ ಒಡ್ಡಿಕೊಂಡ, ಸರಳು ಹಾಕಿದ ಕಾಂಕ್ರೀಟಿಗೆ, ಅಂದರೆ ಆರ್‌ಸಿಸಿಗೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಹೇಳುವುದು ಎಂ30 ದರ್ಜೆ (ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟ್ ಗಟ್ಟಿ), ಸರಳಿನ ಮೇಲೆ 45 ಮಿ.ಮೀ. ಕವರ್ (ಕಾಂಕ್ರೀಟಿನ ಹೊದಿಕೆ), ಒಂದು ಘನ ಮೀಟರಿಗೆ ಕನಿಷ್ಠ 320 ಕೆ.ಜಿ. ಸಿಮೆಂಟ್. ಅಲೆಯ ಹನಿಯೇ ಬಂದು ಬಡಿಯುವ ಕಡೆ ಎಂ35 ಮತ್ತು 50 ಮಿ.ಮೀ. ಒಳನಾಡಿನಲ್ಲಿ ನಡೆಯುವ ಎಂ20, 20 ಮಿ.ಮೀ. ಕವರಿನ ರೂಢಿಯನ್ನೇ ಇಲ್ಲಿಗೂ ತಂದರೆ ಮನೆ ಹಳತಾಗುವ ಮೊದಲೇ ಸಜ್ಜಾ ಉದುರಲು ತೊಡಗುತ್ತದೆ. ನೀರು ಸಿಮೆಂಟಿನ ತೂಕದ 0.45 ಪಾಲು ಮೀರಬಾರದು, ಅಂದರೆ 50 ಕೆ.ಜಿ. ಚೀಲಕ್ಕೆ 22.5 ಲೀಟರ್, ಮರಳಿನಲ್ಲಿರುವ ತೇವವನ್ನೂ ಸೇರಿಸಿ. ಬಕೆಟ್ ಲೆಕ್ಕದಲ್ಲಿ ಸುರಿಯುವಾಗ ಇದು 30 ಲೀಟರ್ ದಾಟಿಬಿಡುತ್ತದೆ. ಮಿಶ್ರಣ ಸಲೀಸಾಗಿ ಇಳಿಯುತ್ತದೆ, ನಿಜ. ಆದರೆ ಹೆಚ್ಚಾದ ನೀರು ಆರಿಹೋದ ಜಾಗವೆಲ್ಲ ಉಪ್ಪಿಗೆ ದಾರಿ. ಹದ ಗಟ್ಟಿಯಾಯಿತೆಂದರೆ ಮಿಶ್ರಣವನ್ನು ಸಡಿಲಗೊಳಿಸುವ ಪ್ಲಾಸ್ಟಿಸೈಸರ್ ಹಾಕಲಿ, ನೀರು ಬೇಡ. ಸರಳಿನಡಿಗೆ ಜಲ್ಲಿ ಚೂರು ಇಡುವುದನ್ನೂ ಬಿಡಬೇಕು. ಕೆಲಸದವರು ಮೇಲೆ ನಡೆದಾಡಿದಾಗ ಅದು ಜಾರಿ, ಸರಳು ಹಲಗೆಗೆ ತಾಗಿ ಕೂರುತ್ತದೆ. 45 ಮಿ.ಮೀ. ಅಳತೆಯ ಸಿಮೆಂಟ್ ಕವರ್ ಬ್ಲಾಕ್ ಕಟ್ಟಿ, ಕಾಂಕ್ರೀಟ್ ಹಾಕುವ ಮುನ್ನ ಮನೆ ಯಜಮಾನರೇ ಟೇಪು ಹಿಡಿದು ನೋಡುವುದು ಒಳ್ಳೆಯದು.

ಇದರಲ್ಲಿ ಒಂದು ತೊಡಕಿದೆ, ಹೊರಗಿನವರಿಗೆ ಇದು ಹೊಳೆಯುವುದಿಲ್ಲ. ಇಲ್ಲಿ ಮನೆ ಕಟ್ಟುವ ಕಾಲ ಜನವರಿಯಿಂದ ಮೇ. ಬಾವಿನೀರು ಉಪ್ಪಾಗುವ ಕಾಲವೂ ಅದೇ. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ. ದಾಟಬಾರದು. ನಾಲಿಗೆಗೆ ಉಪ್ಪು ತಿಳಿಯಲು ಸುಮಾರು 250 ಸಾಕು. ಹಾಗಾಗಿ ಕುಡಿದು ನೋಡಿದಾಗ ಉಪ್ಪು ಎನಿಸಿದ ನೀರನ್ನು ಪರೀಕ್ಷೆ ಮಾಡಿಸದೆ ಕಾಂಕ್ರೀಟಿಗೂ ಕ್ಯೂರಿಂಗಿಗೂ ಬಳಸಬಾರದು. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರದ ಮರಳಿನಲ್ಲೂ ಉಪ್ಪಿರುತ್ತದೆ. ಕಡಲ ಮರಳಿನ ಮಾತಂತೂ ಬೇಡವೇ ಬೇಡ.

ಹಳಬರ ಮನೆ ನೋಡಿದರೆ ಮುರಕಲ್ಲಿನ ಗೋಡೆ, ಮರದ ಪಕಾಸು, ಮಂಗಳೂರು ಹೆಂಚು. ತುಕ್ಕು ಹಿಡಿದು ಗೋಡೆ ಸೀಳುವಂಥ ಕಬ್ಬಿಣ ಅಲ್ಲಿಲ್ಲ. ಪಡುವಣ ಬದಿಗೆ ಮಾಡು ತಗ್ಗಾಗಿ ಇಳಿದಿರುತ್ತದೆ, ಮಳೆಗಾಲಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಾರೆ. ಎಲ್ಲರೂ ಹಾಗೆಯೇ ಕಟ್ಟಬೇಕೆಂದಲ್ಲ. ಆದರೆ ಪಡುವಣಕ್ಕೆ ದೊಡ್ಡ ಗಾಜು, ಅದಕ್ಕೆ ಉಕ್ಕಿನ ಚೌಕಟ್ಟು ಇಡುವವರು ಈ ಮನೆಗಳನ್ನು ಒಮ್ಮೆ ಸುತ್ತಿ ನೋಡಲಿ. ಬಾಗಿಲಿಗೆ ಹಿತ್ತಾಳೆಯ ತಿರುಗಣಿ ಹಾಕಿಸಲಿ. ಸ್ಟೇನ್‌ಲೆಸ್ ಎಂದು ಮಾರುವ 304 ದರ್ಜೆಯ ಉಕ್ಕಿನಲ್ಲೂ ಇಲ್ಲಿ ಕಂದು ಚುಕ್ಕೆ ಏಳುತ್ತದೆ, 316 ದರ್ಜೆ ಬಾಳಿಕೆ ಬರುತ್ತದೆ. ಅಲ್ಯೂಮಿನಿಯಂ ಕಿಟಕಿಗೆ ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಅದರ ಸುತ್ತ ಬಿಳಿ ಪುಡಿ ಕಟ್ಟಿ ತೂತು ದೊಡ್ಡದಾಗುತ್ತದೆ.

ತುಕ್ಕು ಹೆಚ್ಚಾಗುವುದು ಮಳೆ ಬಡಿಯುವ ಕಡೆ ಅಲ್ಲ, ಮಳೆ ತಾಗದ ಮರೆಯಲ್ಲಿ. ಮಳೆ ಉಪ್ಪನ್ನು ತೊಳೆಯುತ್ತದೆ; ಸಜ್ಜಾದ ಕೆಳಭಾಗ, ಶಟರಿನ ಒಳಮೈ, ಗ್ರಿಲ್ಲಿನ ಹಿಂಬದಿ, ಎಸಿಯ ಹೊರ ಪೆಟ್ಟಿಗೆ ಇಲ್ಲೆಲ್ಲ ಅದು ಕೂತೇ ಇರುತ್ತದೆ, ರಾತ್ರಿಯ ತೇವಕ್ಕೆ ಕರಗುತ್ತದೆ, ಹಗಲು ಮತ್ತೆ ಹರಳಾಗುತ್ತದೆ. ನವೆಂಬರಿನಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ ಸಿಹಿನೀರಿನಲ್ಲಿ ಇವನ್ನು ತೊಳೆದರೆ ವಸ್ತುವಿನ ಆಯುಸ್ಸು ಬಹಳ ಹೆಚ್ಚುತ್ತದೆ. ಬೈಕಿನ ರಿಮ್ಮು, ಚೈನಿಗೂ ಇದೇ ಮಾತು. ವರ್ಷದ ಹನ್ನೊಂದು ತಿಂಗಳು ಬೀಗ ಹಾಕಿಡುವ ಮನೆಗಳು ಬೇಗ ಹಾಳಾಗುವುದಕ್ಕೆ ಕಾರಣ ಇದೇ: ತೊಳೆಯುವವರಿಲ್ಲ, ಗಾಳಿ ಆಡುವುದಿಲ್ಲ. ಹಾಗೆ ಬಿಟ್ಟು ಹೋಗುವವರು ನೆರೆಮನೆಯವರಿಗೆ ಕೀಲಿ ಕೊಟ್ಟು, ಸಂಬಳ ಗೊತ್ತುಮಾಡಿ ಹೋಗಲಿ.

ನೀರಿನ ವಿಷಯದಲ್ಲಿ ಆಗುವ ತಪ್ಪು ಒಬ್ಬರಿಗೇ ನಿಲ್ಲುವುದಿಲ್ಲ, ಕೇರಿಗೇ ತಟ್ಟುತ್ತದೆ. ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಕಡಲಮಟ್ಟಕ್ಕಿಂತ ಸಿಹಿನೀರು ಒಂದು ಅಡಿ ಮೇಲೆ ನಿಂತರೆ ಆ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬಲ್ಲದು. ತಿರುವಿ ಹೇಳಿದರೆ, ಪಂಪು ಹಾಕಿ ಒಂದು ಅಡಿ ಇಳಿಸಿದರೆ ಕೆಳಗಿನ ಉಪ್ಪುನೀರು 40 ಅಡಿ ಮೇಲೇರಲು ಅವಕಾಶ ಕೊಟ್ಟಂತೆ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು ಇರುವ ಗಂಗೊಳ್ಳಿಯಂಥ ನೆಲದ ಪಟ್ಟಿಯಲ್ಲಿ ಈ ಸಿಹಿನೀರಿನ ಪದರವೇ ತೆಳು. ಇಲ್ಲಿ ಬೋರ್‌ವೆಲ್ ಕೊರೆಯುವುದೆಂದರೆ ಉಪ್ಪನ್ನು ಹುಡುಕಿಕೊಂಡು ಹೋಗುವುದು. ಆಳವಿಲ್ಲದ, ಅಗಲದ ಬಾವಿ, ಅರ್ಧ ಎಚ್‌ಪಿ ಪಂಪು, ಬೆಳಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಸೇದುವುದು, ನಡುವೆ ಬಾವಿಗೆ ಬಿಡುವು: ಇದಿಷ್ಟೇ ದಾರಿ. ಒಮ್ಮೆ ಉಪ್ಪಾದ ಬಾವಿ ಮಳೆ ಬರುವ ತನಕ ತಿಳಿಯಾಗುವುದಿಲ್ಲ.

ಮಳೆಗೆ ಕೊರತೆಯಿಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಸುರಿಯುತ್ತದೆ. ಸಾವಿರ ಚದರಡಿ ಮಾಡಿನ ಮೇಲೆ ಬೀಳುವುದು ಮೂರೂವರೆ ಲಕ್ಷ ಲೀಟರಿಗೂ ಹೆಚ್ಚು. ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಟ್ಟು (ಮಾಡಿನ ಉಪ್ಪು, ಕಾಗೆ ಹಿಕ್ಕೆ ತೊಳೆದು ಹೋಗಲಿ), ಉಳಿದದ್ದನ್ನು ಜಲ್ಲಿ, ಇದ್ದಿಲು, ಮರಳಿನ ಸೋಸುಗುಂಡಿಯ ಮೂಲಕ ಬಾವಿಗೆ ಇಳಿಸಿದರೆ ಸಿಹಿನೀರಿನ ಪದರ ಗಟ್ಟಿಯಾಗುತ್ತದೆ. ಶೌಚದ ಇಂಗುಗುಂಡಿ ಬಾವಿಯಿಂದ 50 ಅಡಿಯಾದರೂ ದೂರವಿರಬೇಕು. ಐದು ಸೆಂಟ್ಸ್ ಜಾಗ ಚೌಕವಾಗಿದ್ದರೂ ಒಂದು ಬದಿಗೆ 47 ಅಡಿ ಮಾತ್ರ! ಆದ್ದರಿಂದ ಗುಂಡಿ ತೋಡುವ ಮೊದಲು ಆಚೆ ಈಚೆ ಮನೆಯವರ ಬಾವಿ ಎಲ್ಲಿದೆ ಎಂದು ಕೂತು ಮಾತಾಡಲೇಬೇಕು. ಜುಲೈಯಲ್ಲಿ ನೆಲದ ನೀರು ಮೂರು ನಾಲ್ಕು ಅಡಿಗೆ ಬಂದುಬಿಡುವ ಕಡೆ ಆಳದ ಗುಂಡಿ ಬಾವಿಗೇ ಸೇರಿದಂತೆ. ಗುಂಡಿ ಮೇಲೆಯೇ ಇರಬೇಕು, ಅಗಲವಾಗಿರಬೇಕು.

ಕರೆಂಟ್ ಹೋಗುವ ಕಾರಣವೂ ಉಪ್ಪೇ. ಬೇಸಿಗೆಯಿಡೀ ಕಂಬದ ಪಿಂಗಾಣಿ ಇನ್ಸುಲೇಟರಿನ ಮೇಲೆ ಉಪ್ಪು ಕೂತಿರುತ್ತದೆ. ಜಡಿಮಳೆ ಬಂದರೆ ಅದು ತೊಳೆದುಹೋಗುತ್ತದೆ. ತುಂತುರು ಹನಿ ಅಥವಾ ಇಬ್ಬನಿ ಬಂದರೆ ಕರಗಿ, ಅದರ ಮೇಲೆಯೇ ವಿದ್ಯುತ್ ಹರಿದು ಲೈನು ಟ್ರಿಪ್ ಆಗುತ್ತದೆ. ಗಾಳಿ ಗುಡುಗು ಏನೂ ಇಲ್ಲದೆ ಮೊದಲ ಹನಿಗೇ ಕತ್ತಲಾಯಿತೆಂದು ಲೈನ್‌ಮನ್‌ಗಳ ಮೇಲೆ ರೇಗುವವರು ಇದನ್ನು ತಿಳಿದಿರಲಿ.

ಜಾಗ ಕೊಳ್ಳುವವರಿಗೆ ಒಂದು ಮಾತು. ಜನವರಿಯಲ್ಲಿ ತೋರಿಸುವ ಅಗಲದ ಮರಳದಂಡೆ ಜುಲೈಯಲ್ಲಿ ಇರುವುದಿಲ್ಲ. ಮಳೆಗಾಲದ ಅಲೆ ದಂಡೆಯ ಮರಳನ್ನು ಎಳೆದೊಯ್ದು ಒಳಗೆ ದಿಬ್ಬ ಮಾಡಿ ಇಡುತ್ತದೆ, ಮಳೆ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನೇ ನಿಧಾನಕ್ಕೆ ತಂದು ಹಾಕುತ್ತವೆ. ಹಾಗಾಗಿ ಜಾಗವನ್ನು ಜುಲೈಯಲ್ಲಿ, ಅಮಾವಾಸ್ಯೆ ಅಥವಾ ಹುಣ್ಣಿಮೆಯ ಉಬ್ಬರದಲ್ಲಿ ನೋಡಬೇಕು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಳತೆಯೂ ನೀರಿನ ಅಂಚಿನಿಂದಲ್ಲ, ಗುರುತು ಮಾಡಿದ ಉಬ್ಬರ ರೇಖೆಯಿಂದ. 2019ರ ಅಧಿಸೂಚನೆಯಂತೆ ಗ್ರಾಮೀಣ ಪ್ರದೇಶದಲ್ಲಿ, 2011ರ ಜನಗಣತಿ ಪ್ರಕಾರ ಚದರ ಕಿ.ಮೀ.ಗೆ 2161ಕ್ಕಿಂತ ಹೆಚ್ಚು ಜನರಿದ್ದರೆ 50 ಮೀಟರ್, ಇಲ್ಲದಿದ್ದರೆ 200 ಮೀಟರ್ ನಿರ್ಬಂಧಿತ ಜಾಗ. ಉಬ್ಬರ ಏರಿಳಿಯುವ ಹೊಳೆಯ ದಡಕ್ಕೂ ನಿಯಮವಿದೆ ಎಂಬುದನ್ನು ಮಾರುವವರು ಹೇಳುವುದೇ ಇಲ್ಲ. ಸರ್ವೆ ನಂಬರ್ ಹಿಡಿದು ನಕ್ಷೆ ನೋಡಿಯೇ ಮುಂಗಡ ಕೊಡಬೇಕು. ಕಲ್ಲು ಸುರಿದಿದ್ದಾರೆ, ಭಯವಿಲ್ಲ ಎಂಬ ಮಾತನ್ನೂ ನಂಬಬೇಡಿ. ಅಡಿಯಲ್ಲಿ ಸಣ್ಣ ಕಲ್ಲಿನ ಹಾಸು, ಮರಳು ಸೋರದಂತೆ ತಡೆಯುವ ಬಟ್ಟೆಯ ಪದರ ಇಲ್ಲದೆ ನೇರ ಮರಳಿನ ಮೇಲೆ ಸುರಿದ ಬಂಡೆ, ಬುಡದ ಮರಳು ಸೋರಿ ಕುಸಿಯುತ್ತದೆ. ತಡೆಗೋಡೆ ಮುಗಿಯುವಲ್ಲಿ ಕೊರೆತ ಪಕ್ಕದ ಮನೆಗೆ ದಾಟುತ್ತದೆ.

ಈಗ ಉಬ್ಬರದ ಲೆಕ್ಕ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸು ಕಡಿಮೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ಕಡಲಿಗಿಳಿಯುವುದು 10 ಎಚ್‌ಪಿವರೆಗಿನ ಎಂಜಿನ್ನಿನ ನಾಡದೋಣಿಗಳು. ಅವಕ್ಕೆ ಅತಿ ಅಪಾಯದ ಜಾಗ ನಡುಗಡಲಲ್ಲ, ಅಳಿವೆ ಬಾಗಿಲು. ಗಂಗೊಳ್ಳಿಯಲ್ಲಿ ಐದು ಹೊಳೆಗಳ ನೀರು ಒಂದೇ ಬಾಗಿಲಲ್ಲಿ ಕಡಲಿಗೆ ನುಗ್ಗುತ್ತದೆ. ಇಳಿತದ ಹೊತ್ತಿಗೆ ಹೊರಗೆ ಓಡುವ ಹೊಳೆನೀರು, ಒಳಗೆ ಬರುವ ಅಲೆಗೆ ಎದುರಾದಾಗ ಅಲೆಗಳ ನಡುವಿನ ಅಂತರ ಕಿರಿದಾಗಿ, ಅಲೆ ಕಡಿದಾಗಿ ಎದ್ದು ನಿಲ್ಲುತ್ತದೆ. ನೀರೂ ಕಡಿಮೆ, ಕೆಳಗೆ ಹೂಳಿನ ದಿಬ್ಬ. ದೋಣಿಯ ತಳ ದಿಬ್ಬಕ್ಕೆ ತಾಗಿ ವೇಗ ಸತ್ತ ಕ್ಷಣದಲ್ಲಿ ಹಿಂದಿನ ಅಲೆ ಅದನ್ನು ಅಡ್ಡ ತಿರುಗಿಸುತ್ತದೆ, ಅದರ ಹಿಂದಿನದು ಮಗುಚುತ್ತದೆ. ನೀರು ತುಂಬಿ ಹರಿವು ನಿಂತ ಹೊತ್ತಿನಲ್ಲಿ ಅದೇ ಬಾಗಿಲು ಎಷ್ಟೋ ಸಲೀಸು. ಆ ಹೊತ್ತು ಯಾವುದೆಂದು ಹಿರಿಯರು ತಿಥಿ ಎಣಿಸಿ ಹೇಳುತ್ತಾರೆ. ದೋಣಿಯಲ್ಲಿ ಹೊಸಬರಿದ್ದಾರೆ, ಹೊರಗಿನಿಂದ ದುಡಿಯಲು ಬಂದವರಿದ್ದಾರೆ, ಅವರಿಗೆ ಅಚ್ಚಾದ ಗಂಟೆ ನಿಮಿಷ ಬೇಕು.

ದೋಣಿಯವರಿಗೆ ಮಾತ್ರವಲ್ಲ. ಭಾರಿ ಮಳೆ ಉಬ್ಬರದ ಹೊತ್ತಿಗೆ ಸುರಿದರೆ ಚರಂಡಿ ನೀರು ಹೊಳೆಗೆ ಇಳಿಯದೆ ಅಂಗಳಕ್ಕೆ ಬರುತ್ತದೆ. ಗೊತ್ತಿದ್ದರೆ ಅಕ್ಕಿಮೂಟೆ, ಮೋಟಾರು ಮೊದಲೇ ಎತ್ತಿಡಬಹುದು. ಮರುವಾಯಿ (ಚಿಪ್ಪುಮೀನು) ಹೆಕ್ಕುವ ಹೆಂಗಸರು ಇಳಿತ ನೋಡಿಕೊಂಡೇ ಹೊಳೆಗಿಳಿಯುವುದು.

ಭಾರತೀಯ ಸರ್ವೇಕ್ಷಣ ಇಲಾಖೆ ಇಡೀ ವರ್ಷದ ಉಬ್ಬರ ಕೋಷ್ಟಕವನ್ನು ಮೊದಲೇ ಪ್ರಕಟಿಸುತ್ತದೆ. ಹೈದರಾಬಾದಿನ, ಕಡಲ ಮಾಹಿತಿ ಕೊಡುವ ಇನ್‌ಕಾಯಿಸ್ ಸಂಸ್ಥೆ ಉಬ್ಬರದ ಹೊತ್ತನ್ನೂ ಎತ್ತರದ ಅಲೆಯ ಎಚ್ಚರಿಕೆಯನ್ನೂ ನೀಡುತ್ತದೆ. ಆದರೆ ಬೆಳಗ್ಗೆ ದೋಣಿ ನಿಲ್ಲುವ ದಕ್ಕೆಯ ಚಹಾದಂಗಡಿಯಲ್ಲಿ ಕೈಯಿಂದ ಕೈಗೆ ಹೋಗುವುದು ಪತ್ರಿಕೆ. ನಿಮ್ಮ ಕರಾವಳಿ ಆವೃತ್ತಿಯಲ್ಲಿ ಚಿನ್ನದ ದರ, ಅಡಿಕೆ ಧಾರಣೆಯ ಪಕ್ಕ ನಾಲ್ಕು ಸಾಲಿನ ಜಾಗ ಕೊಡಿ. ಮಂಗಳೂರು, ಕಾರವಾರ ಎರಡು ಕಡೆಯ ಎರಡು ಉಬ್ಬರದ ಹೊತ್ತು, ಎರಡು ಇಳಿತದ ಹೊತ್ತು, ಪಕ್ಕದಲ್ಲಿ ಮೀಟರಿನಲ್ಲಿ ಎತ್ತರ, ತಿಥಿ, ಅಲೆಯ ಎಚ್ಚರಿಕೆ ಇದ್ದರೆ ದಪ್ಪಕ್ಷರದಲ್ಲಿ ಒಂದು ಸಾಲು. ಜೂನ್ 1ಕ್ಕೆ ಮೊದಲೇ ಶುರುವಾದರೆ ಈ ಮಳೆಗಾಲಕ್ಕೇ ಉಪಯೋಗಕ್ಕೆ ಬರುತ್ತದೆ.

ಇಂತಿ,
ಗಂಗೊಳ್ಳಿಯ ಓದುಗರು